ಓರೆ ಶಿಲುಬೆ

ಉಳಿ ಕೆಳಗಿಡು, ಬೊಟೊಂಡ್.
ಏಣಿಯಿಂದ ಇಳಿ, ಮೊದಲು ಕೈ ಬೆಚ್ಚಗೆ ಮಾಡಿಕೋ.
ಡಾನ್ಯೂಬಿನ ಮೇಲಿಂದ ಬೀಸುವ ಈ ಗಾಳಿಗೆ
ಕಲ್ಲೂ ಸೆಟೆಯುತ್ತದೆ, ಏಟು ಜಾರುತ್ತದೆ.

ಕಿರೀಟದ ತುದಿಯ ಶಿಲುಬೆಯನ್ನು
ನೆಟ್ಟಗೆ ಗೀಚಿದ್ದೀಯ.
ತೂಗುಗುಂಡು ಇಳಿಬಿಟ್ಟು ಅಳೆದೆ, ಗೊತ್ತು,
ನಾನೇ ಕಲಿಸಿದ್ದು.
ಆದರೂ ಅಳಿಸು.

ಅದು ಓರೆ.
ಯಾರೋ ಯಾವುದೋ ರಾತ್ರಿ ಓಡುವ ಗಡಿಬಿಡಿಯಲ್ಲಿ
ಪೆಟ್ಟಿಗೆಗೆ ತುರುಕಿ ಮುಚ್ಚಳ ಒತ್ತಿದರಂತೆ,
ಬಾಗಿತಂತೆ.
ಯಾವ ರಾಜ, ಯಾವ ರಾತ್ರಿ?
ಮೇಷ್ಟ್ರು ಒಂದು ಹೆಸರು ಹೇಳಿದರು, ಪಾದ್ರಿ ಇನ್ನೊಂದು.
ಬಾಗಿದ್ದು ಮಾತ್ರ ನಿಜ.
ನೆಟ್ಟಗಾಗಿಸಲು ಅಕ್ಕಸಾಲಿಗೆ ಅರೆಗಳಿಗೆ ಸಾಕಿತ್ತು;
ಇಷ್ಟು ಶತಮಾನದಲ್ಲಿ ಒಬ್ಬನೂ ಕೈಹಾಕಲಿಲ್ಲ.

ಈ ಕಲ್ಲನ್ನು ಮುಟ್ಟಿ ನೋಡು.
ನ್ಯಾಯಾಲಯದ ಬಾಗಿಲ ಮೇಲೆ ನೂರು ವರ್ಷದಿಂದ ಕೂತಿದೆ.
ತಾತ ಕೆತ್ತಿದ ಮೊದಲ ಕಿರೀಟ
ಗೋಡೆಯಿಂದ ಗೇಣುದ್ದ ಮುಂದೆ ಚಾಚಿತ್ತಂತೆ,
ಮಳೆ ಬಂದರೆ ಪೊಲೀಸಿನವ ಅದರಡಿ ನಿಂತು
ಪೈಪು ಹಚ್ಚುತ್ತಿದ್ದನಂತೆ.
ಯುದ್ಧ ಮುಗಿಯಿತು. ರಾಜನಿಲ್ಲದ ನಾಡಿಗೆ ಕಿರೀಟವೇಕೆಂದು
ಅಪ್ಪ ಅದನ್ನು ಚೆಕ್ಕೆ ಚೆಕ್ಕೆಯಾಗಿ ಎಬ್ಬಿಸಿದ.
ಮೂರೇ ವರ್ಷ. ಗುರಾಣಿಯೂ ಬೇಡ,
ಸುತ್ತಿಗೆ ಮತ್ತು ಗೋಧಿತೆನೆ ಬೇಕು ಎಂದರು.
ಮತ್ತೆ ಎರಡು ಬೆರಳು ಒಳಕ್ಕೆ.
ಸುತ್ತಿಗೆಯಿಂದ ಸುತ್ತಿಗೆ ಕೆತ್ತುವಾಗ
ಅಪ್ಪನಿಗೆ ನಗು ಬಂತಂತೆ;
ನಗುವ ಮುಂಚೆ
ಹಿಂದೆ ಯಾರಿದ್ದಾರೆಂದು ನೋಡಿಕೊಂಡನಂತೆ.

ಐವತ್ತಾರರ ಅಕ್ಟೋಬರು ನನಗೇ ನೆನಪಿದೆ.
ಅಮ್ಮ ಪಿರೋಷ್ಕಾ ಅಡುಗೆಮನೆಯ ಮೇಜಿನ ಮೇಲೆ ಬಾವುಟ ಹರವಿ
ಬ್ರೆಡ್ಡಿನ ಚಾಕುವಿನಿಂದ ನಡುವಿನ ಲಾಂಛನ ಕೊಯ್ದಳು.
ತೂತಿನಲ್ಲಿ ತಲೆ ತೂರಿಸಿ ನಾನು ನಕ್ಕೆ,
ಕೆನ್ನೆಗೆ ಬಿತ್ತು.
ಆಮೇಲೆ ಅವಳೇ ಆ ತೂತಿನಿಂದ
ಬಹಳ ಹೊತ್ತು ಬೀದಿ ನೋಡುತ್ತ ನಿಂತಳು.
ಕೊಯ್ದ ದುಂಡನೆಯ ಬಟ್ಟೆ ಬಿಸಾಡುವವಳಲ್ಲ:
ಪ್ಲಮ್ ಜಾಮಿನ ಜಾಡಿಯ ಬಾಯಿಗೆ ಕಟ್ಟಿದಳು.

ನವೆಂಬರಿನಲ್ಲಿ ಟ್ಯಾಂಕು ಬಂದವು.
ಮನೆ ತಡಕಲು ಬಂದವ ಜಾಡಿಯ ಮುಂದೆ ನಿಂತ.
"ಇದೇನು?"
"ಜಾಮು," ಅಂದಳು. "ತಿನ್ನುತ್ತೀಯಾ?"
ತಿಂದ.
ಎರಡು ಚಮಚ.

ಮುಂದಿನ ವರ್ಷ ಬಂತು ನಕ್ಷತ್ರ. ಕೆತ್ತಿದವ ಅಪ್ಪ,
ಅದರ ಐದು ಮೂಲೆಗಳನ್ನು ಶಾಲೆ ಬಿಟ್ಟ ಮೇಲೆ
ಮರಳುಕಾಗದದಿಂದ ಉಜ್ಜಿದವ ನಾನು.
ಹೋದ ವಾರ ಅವೇ ಮೂಲೆಗಳನ್ನು
ಒಂದೊಂದಾಗಿ ಹಾರಿಸಿದೆ, ನೀನೇ ನೋಡಿದೆ.
ಐದನೆಯದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

ಈಗ ಪಟ್ಟಿಗಳಿಗೆ ಬಾ. ತಾತ ಬಾಯಿಪಾಠ ಮಾಡಿಸಿದ್ದ:
ನಾಲ್ಕು ಬೆಳ್ಳಿ ಪಟ್ಟಿ ಅಂದರೆ ನಾಲ್ಕು ನದಿ,
ಡಾನ್ಯೂಬ್, ಟೀಸಾ, ದ್ರಾವಾ, ಸಾವಾ.
ಮೂರು ಹಸಿರು ಗುಡ್ಡ ಅಂದರೆ
ತಾತ್ರಾ, ಮಾತ್ರಾ, ಫಾತ್ರಾ.
ದ್ರಾವಾ ಈಗ ಗಡಿ. ಸಾವಾ ದೂರದಲ್ಲೆಲ್ಲೋ
ನಮ್ಮನ್ನು ಕೇಳದೆ ಹರಿಯುತ್ತಿದೆ.
ಮೂರು ಗುಡ್ಡದಲ್ಲಿ ನಮಗುಳಿದದ್ದು
ಮಾತ್ರಾ ಮಾತ್ರ.
ಉಳಿದೆರಡರ ಮೇಲೆ ಬೇರೆ ಭಾಷೆಯಲ್ಲಿ ಕುರಿ ಕರೆಯುತ್ತಾರೆ.
ಅವರ ಲಾಂಛನದಲ್ಲೂ ಇವೇ ಮೂರು ಗುಡ್ಡ,
ಇದೇ ಜೋಡಿ ತೋಳಿನ ಶಿಲುಬೆ.
ಜಗಳವಾಡಲು ನನಗೆ ಪುರುಸೊತ್ತಿಲ್ಲ.
ಗುಡ್ಡದ ಏರು ಸರಿಯಾಗಿ ಕೆತ್ತು, ಅಷ್ಟೆ.

ಕಲ್ಲು ಎಷ್ಟು ತೆಳುವಾಗಿದೆ ಕೇಳು:
ಇಲ್ಲಿ ತಟ್ಟಿದರೆ
ಒಳಗಿನ ಗುಮಾಸ್ತೆಯ ಟೈಪ್‌ರೈಟರ್ ನಿಂತುಬಿಡುತ್ತದೆ.
ಇನ್ನೊಮ್ಮೆ ಬದಲಿಸಿ ಎಂದು ಯಾರಾದರೂ ಬಂದರೆ
ಉಳಿ ಗೋಡೆಯಾಚೆ
ನ್ಯಾಯಾಧೀಶರ ಕುರ್ಚಿಯ ಮೇಲೆ ಬೀಳುತ್ತದೆ.
ಬೀಳಲಿ ಬಿಡು, ಆಗ ನಾನಿರುವುದಿಲ್ಲ.

ಹೂಂ, ಗೀಚು. ನೋಡುವವರ ಎಡಕ್ಕೆ.
ಎಷ್ಟು ಓರೆ ಅಂದರೆ,
ಗಾಳಿಗೆ ಟೋಪಿ ಹಿಡಿದುಕೊಂಡು
ಸೇತುವೆ ದಾಟುವವ ವಾಲುತ್ತಾನಲ್ಲ,
ಅಷ್ಟು.
ಬೇಡ, ಈಗ ಬೇಡ. ಬೆರಳು ನೀಲಿಗಟ್ಟಿದೆ ನಿನಗೆ.
ಚೀಲದಲ್ಲಿ ಬ್ರೆಡ್ಡಿದೆ.
ಜಾಮೂ ಇದೆ.