ಕಿಂಡಿ

ಲುಸಾಕಾದ ಕಾಮ್ವಾಲಾ ಸಂತೆಯಲ್ಲಿ
ನನ್ನದೊಂದು ಹಳದಿ ತಗಡಿನ ಗೂಡು.
ಅಂಗೈಯಗಲದ ಕಿಂಡಿ. ಅದರೊಳಗೆ ಕೈಗಳು ಬರುತ್ತವೆ,
ನೋಟು ಇಡುತ್ತವೆ, ನೋಟು ಒಯ್ಯುತ್ತವೆ.
ಮುಖಕ್ಕಿಂತ ಮೊದಲು ನನಗೆ ಉಗುರು ಗೊತ್ತು.

ಚಿಸಂಗಾನ ಉಗುರಲ್ಲಿ ಗ್ರೀಸು ಇತ್ತು.
ಅಕ್ಕನ ಮಗಳ ಮದುವೆಯ ರಾತ್ರಿ ಕರೆಂಟು ಹೋದಾಗ
‘ಇದೆಯಾ?’ ಅಂದೆ. ‘ಇಲ್ಲ’ ಅಂದ.
ಆಮೇಲೆ ಇಬ್ಬರೂ ಏನೂ ಅನ್ನಲಿಲ್ಲ.

ಎಪ್ಪತ್ತೆರಡು ಗಂಟೆಯೊಳಗೆ
ಎಚ್‌ಐವಿ ತಡೆಯುವ ಮಾತ್ರೆ ಶುರು ಮಾಡಬಹುದಿತ್ತಂತೆ.
ಗೊತ್ತಾದದ್ದು ಐದನೆಯ ದಿನ,
ತಂಗಿಯ ಕೂಸಿಗೆ ಲಸಿಕೆ ಹಾಕಿಸಲು ಹೋದಾಗ,
ಕ್ಲಿನಿಕ್ಕಿನ ಗೋಡೆಗೆ ಅಂಟಿಸಿದ ಕಾಗದದಿಂದ.
ಕೂಸು ಅತ್ತಿತು. ನಾನು ಬೆರಳು ಮಡಿಚಿದೆ.
ದಿನಕ್ಕೆ ಸಾವಿರಾರು ಕ್ವಾಚಾ ಎಣಿಸುವವಳು
ಐದರ ಲೆಕ್ಕದಲ್ಲಿ ಮೂರು ಸಲ ತಪ್ಪಿದೆ.

ನರ್ಸ್ ಮುಟಿಂಟಾ. ಚೂಪು ಮಾತು, ಮೆತ್ತನೆ ಕೈ.
‘ಈಗ ನೋಡಿದರೆ ಹಳೆಯದು ಮಾತ್ರ ಕಾಣುತ್ತೆ.
ಆ ರಾತ್ರಿಯದು ಖಚಿತವಾಗಲು ಮೂರು ತಿಂಗಳು.
ಕಿಟಕಿ ಅವಧಿ ಅಂತಾರೆ ಇದಕ್ಕೆ.’
ನಕ್ಕುಬಿಟ್ಟೆ.
ನಾನು ಕಿಟಕಿಯಲ್ಲೇ ಬದುಕೋಳು, ಸಿಸ್ಟರ್.

ಆಮೇಲೆ ಕೆಮ್ಮಿದರೆ ಅದೇ, ಬೆವರಿದರೆ ಅದೇ.
ಅಕ್ಟೋಬರಿನ ಲುಸಾಕಾದಲ್ಲಿ ಬೆವರದವರು ಯಾರು?
ಕಂಕುಳಲ್ಲಿ ಗಂಟು ಹುಡುಕಿ ಹುಡುಕಿ
ಒತ್ತಿದ ಜಾಗವೇ ನೋಯತೊಡಗಿತು.
ಚಿಕ್ಕಪ್ಪ ಸತ್ತಾಗ ನನಗೆ ನಾಲ್ಕು ವರ್ಷ.
ಕಾಯಿಲೆಯ ಹೆಸರನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ.
ನೆನಪಿರುವುದು ಅವನ ಬೆಲ್ಟು:
ಮೊಳೆ ಕಾಯಿಸಿ ಹೊಸ ಹೊಸ ತೂತು ಕೊರೆಯುತ್ತಿದ್ದ.
ಬೆಳಗೆದ್ದು ನನ್ನದನ್ನು ಅದೇ ತೂತಿಗೆ ಸಿಕ್ಕಿಸಿ ನೋಡುತ್ತೇನೆ.

ಬಾನಾ ಮುಂಬಾ ಬಂದರು, ಮೊಮ್ಮಗನ ಫೀಸು ಕಳಿಸಲು.
ಅವರ ಚೀಲದಲ್ಲಿ ಗಲಗಲ ಅನ್ನುವ ಡಬ್ಬಿ.
ನಾನು ದಿಟ್ಟಿಸಿದೆನೋ ಏನೋ,
‘ಹತ್ತೊಂಬತ್ತು ವರ್ಷವಾಯಿತು,’ ಅಂದರು,
‘ರಾತ್ರಿ ವಾರ್ತೆಯ ಹೊತ್ತಿಗೆ ಒಂದು.
ವಾರ್ತೆಯೇ ಹೆಚ್ಚು ಕಹಿ, ಮಗಳೇ.’
ಚಿಲ್ಲರೆ ಕೊಡುವುದು ಮರೆತೆ. ಅವರೂ ಕೇಳಲಿಲ್ಲ.

ತೊಂಬತ್ತೆರಡನೆಯ ದಿನ ಬೆರಳ ತುದಿಗೆ ಸೂಜಿ.
ಹಣೆಯಲ್ಲಿ ಬರೆದದ್ದನ್ನು ಇಲ್ಲಿ
ಬೆರಳಿನಿಂದ ತೆಗೆದು ಓದುತ್ತಾರೆ.
ಒಂದು ಗೆರೆಯಾದರೆ ಇಲ್ಲ, ಎರಡಾದರೆ ಇದೆ.
ಹದಿನೈದು ನಿಮಿಷ. ಹೊರಗೆ ಐಸ್‌ಕ್ಯಾಂಡಿಯವನ ಗಂಟೆ
ಹತ್ತಿರ ಬಂತು, ದೂರ ಹೋಯಿತು.

ಒಂದೇ ಗೆರೆ.
ಮುಟಿಂಟಾ ಪಟ್ಟಿಯನ್ನು ನನ್ನತ್ತ ತಿರುಗಿಸಿದಳು.
ನಾನು ಕಣ್ಣು ಕಿರಿದು ಮಾಡಿ ಎರಡನೆಯದಕ್ಕೆ ಕಾದೆ,
ಕಿಂಡಿ ಮುಚ್ಚುವ ಹೊತ್ತಿಗೆ ಬರುವ ಗಿರಾಕಿಗೆ ಕಾದಂತೆ.
‘ಇಷ್ಟೇ ಕಣೇ, ಹೋಗು,’ ಅಂದಳು.

ಚಿಸಂಗಾ ಫೋನೆತ್ತದೆ ಎರಡು ತಿಂಗಳು.
ಸಂಜೆ ಅವನ ನಂಬರಿಗೆ ಐದು ಕ್ವಾಚಾ ಹಾಕಿದೆ.
ಕಾರಣ ಬರೆಯುವ ಜಾಗದಲ್ಲಿ:
ನನ್ನದು ಆಯಿತು. ನೀನೂ ಪರೀಕ್ಷೆ ಮಾಡಿಸು.

ಕಿಂಡಿಯ ತಗಡು ಎಳೆಯುತ್ತಿದ್ದಾಗ
ಐದೂ ವಾಪಸು ಬಂತು.
ಕಾರಣದ ಜಾಗದಲ್ಲಿ ಒಂದೇ ಪದ:
ಎಲ್ಲಿ?

ಎದ್ದವಳು ಮತ್ತೆ ಕೂತೆ.