ಗಾಳಿಗೆ ಬರ

ತಾಳಿಕೋಟಿ, ಡೋಣಿ ಸೇತುವಿ ಈ ಕಡಿ,
ಹಳೇ ಟ್ಯೂಬು ಜೋತುಬಿಟ್ಟ ಬೇವಿನ ಗಿಡದ ಕೆಳಗ
ನನ್ನ ಅಂಗಡಿ. ರಾಜೇಸಾಬ್ ನದಾಫ್, ಗಾಡಿ ಮಿಸ್ತ್ರಿ.
ಸೊಲ್ಲಾಪುರ ದಾಟಿದವನಲ್ಲ.

ಸಂಜಿ ಐದಕ್ಕ ಫೋನು.
ಶಶಿಕಲಾ ಹಡಪದ, ಹೆಸ್ಕಾಂ ಲೈನ್‌ಮನ್.
ಲೈನ್‌ವುಮನ್ ಅಂದ್ರ ನಗತಾಳ:
'ಏರಾಕಿ ಯಾರಂತ ಕಂಬಕ್ಕೇನ್ ಗೊತ್ತು, ಚಾಚಾ?'
ಪಾಮೀರ್ ಅನ್ನೋ ಗುಡ್ಡದಾಗ ನಿಂತಾಳಂತ.
ಅಲ್ಲಿ ನಮಗಿಂತ ಅರ್ಧ ತಾಸು ಹಿಂದ.
ಅಷ್ಟೇನಾ, ಅಂದೆ.
ಕಟ್ಟಿಗಿ ಪೆಟ್ಟಿಗ್ಯಾಗ ಗಾಡಿ ಹಾಕಿ ಹಡಗಿಗೆ ಏರಿಸಿ
ಅಷ್ಟು ದೂರ ಹೋದಾಕಿ
ಬರೇ ಅರ್ಧ ತಾಸು ಹಿಂದ ಬಿದ್ದಾಳ.

'ಚಾಚಾ, ಏರು ಹತ್ತವಲ್ದು. ಎಕ್ಸಲೇಟರ್ ಕೊಟ್ರ ಕೆಮ್ಮತದ.'
ನೀ ಸುಮ್ಮಿರು, ಅಂದೆ. ಫೋನು ಸೈಲೆನ್ಸರ್ ಹತ್ರ ಹಿಡಿ.

ಕಣ್ಣು ಮುಚ್ಚಿದೆ.
ಮುದ್ದೇಬಿಹಾಳದ ಬಸ್ಸು ಹೊಂಟು ಹೋತು,
ಕಬ್ಬಿನ ಟ್ರ್ಯಾಕ್ಟರ್ ಹೋತು,
ಅವೆಲ್ಲಾ ಬದಿಗೆ ಸರಿಸಿ, ಅದರ ಆಚೆ
ನಾನೇ ಎರಡು ಸಲ ಬಿಚ್ಚಿ ಕೂಡಿಸಿದ ಇಂಜಿನ್ನು.
ದಮ್ಮಿನವರ ಹಂಗ ಎಳೀತಿತ್ತು.

ಪ್ಲಗ್ ಬಿಚ್ಚು. ಏನ್ ಬಣ್ಣ?
'ನಮ್ಮ ಎರಿ ಮಣ್ಣಿನಂಗ ಕರ್ರಗ.'
ಗಾಡಿಗೆ ಏನೂ ಆಗಿಲ್ಲವ್ವಾ. ಗಾಳಿಗೇ ಬರ ಬಂದದ ಅಲ್ಲಿ.
ಉಸಿರಿಗೆ ತಡಕಾಡೋರಿಗೆ ಊಟಾ ಬಡಸಬಾರದು,
ಪೆಟ್ರೋಲ್ ಕಮ್ಮಿ ಮಾಡು.
ಕಾರ್ಬೊರೇಟರಿನ ಸೂಜಿಗೆ ಐದು ಗೀರು ಅದಾವ,
ಮೂರನೇದ್ರಾಗಿನ ಕ್ಲಿಪ್ಪು ಮ್ಯಾಲಿನ ಗೀರಿಗೆ ಹಾಕು.
ತಡಿ! ಮೊದಲು ಕೆಳಗ ಓಢಣಿ ಹಾಸು.
ಉಗುರಿಗಿಂತ ಸಣ್ಣ ಕ್ಲಿಪ್ಪದು,
ಆ ದೇಶದಾಗ ಬಿದ್ರ ಯಾರನ್ನ ಕೇಳ್ತಿ?

'ಕೈ ಸೆಟದಾವ ಚಾಚಾ.'
ಇಂಜಿನ್ನಿಗೆ ಹಿಡದು ಕಾಸ್ಕೋ.

ಹೋದ ವರ್ಷ ಡೋಣಿ ಉಕ್ಕಿ ಇಳಿದ ಮರುದಿನ
ಇದೇ ಹೊಲದ ದಾರ್ಯಾಗ ಗಾಡಿ ಓಡಿಸಿ ಕಲಿತಾಕಿ ಈಕಿ.
ಮಡ್‌ಗಾರ್ಡಿನಾಗ ಎರಿ ಮಣ್ಣು ಮೆತ್ತಿ ಗಾಲಿ ಹಿಡದು
ಏಳು ಸಲ ಬಿದ್ದಿದ್ದಳು. ಎಣಿಸಿದವ ನಾನು.
ಎಂಟನೇ ಸಲಕ್ಕ ಎದ್ದು ತಾನೇ ಪಾನಾ ಇಸಕೊಂಡು
ಮುಂದಿನ ಮಡ್‌ಗಾರ್ಡ್ ಬಿಚ್ಚಿ ನನ್ನ ಕೈಯಾಗ ಕೊಟ್ಟು
'ಇಟ್ಕೋರಿ' ಅಂದಳು.
ಅದು ಇನ್ನೂ ಗ್ವಾಡಿಗೆ ತೂಗತದ.
ಅದರಾಗೊಂದು ಗುಬ್ಬಿ ಸಂಸಾರ ಹೂಡ್ಯದ.

ಫೋನು ಕಟ್ಟಾತು.

ಮೂರು ದಿನ ಏನೂ ಇಲ್ಲ.
ಎರಡು ಟ್ಯೂಬಿಗೆ ತಪ್ಪು ಜಾಗಾದಾಗ ತ್ಯಾಪಿ ಹಚ್ಚಿದೆ.
ಬೀಬಿ ಕೇಳಿದಳು, ಚಾಕ್ಕ ಉಪ್ಪು ಹಾಕ್ಕೊಂಡ್ರೇನು ಅಂತ.

ನಾಕನೇ ದಿನ ಹನ್ನೊಂದು ಸೆಕೆಂಡಿನ ಒಂದು ಧ್ವನಿ.
ಮಾತಿಲ್ಲ. ಬರೇ ಇಂಜಿನ್ನು, ಅದರ ಸುತ್ತ ಗಾಳಿ,
ಒಂದು ಗೇರು ಬದಲು, ಮತ್ತ ಏರು.
ಕೆಮ್ಮಿಲ್ಲ.
ಕಾಯಕೋತ ಕುಂತ ಗಿರಾಕಿ, ಕಿರಾಣಿ ಅಂಗಡಿ ಬಸಣ್ಣಪ್ಪ,
'ಏನ್ರಿ ಇದು, ಹಾಡೇನು?' ಅಂದ.
ಸುಮ್ಮಿರ್ರೀ ಅಂದೆ, ಮತ್ತ ಹಚ್ಚಿದೆ.
ಆರನೇ ಸಲಕ್ಕ ಕೇಳಿಸಿತು,
ಗಾಳಿ ಕೆಳಗ, ಬಲು ಸಣ್ಣಗ, ಟಕ್ ಟಕ್.

ಗ್ರೀಸ್ ಕೈಲೇ ಬರದು ಕಳಿಸಿದೆ:
ಚೈನ್ ಸಡಲಾಗ್ಯದ. ನಿಂತು ಬಿಗಿ ಮಾಡ್ಕೋ.

ಒಂದೇ ಟಿಕ್ ಬಿದ್ದದ.
ಸೇತುವಿ ಆಚೆ ಹೊತ್ತು ಮುಳಗತದ.
ಅಲ್ಲಿ ಇನ್ನೂ ಅರ್ಧ ತಾಸು ಬೆಳಕದ.