ಡೋಣಿಯ ದಂಡೆ

ಊರಿನ ಹೆಸರು ಡೋಣಿ.
ಸಮುದ್ರ ಇಲ್ಲಿಂದ ಜಿಲ್ಲೆ ದಾಟಿ, ಘಟ್ಟ ಇಳಿದು, ಇನ್ನೂ ಆಚೆ.
ಬಸ್ಸಿಳಿದಲ್ಲಿ ದನಕ್ಕೆ ನೀರಿಡುವ ಕಲ್ಲಿನ ಡೋಣಿಯೊಂದಿತ್ತು,
ಅದರ ತಳದಲ್ಲಿ ಎರಡು ಜೇನುಹುಳ ತೇವ ಹುಡುಕುತ್ತಿದ್ದವು.
ಅಡ್ಡಮಳೆ ಒಂದು ಬಂದು ಹೋಗಿ ವಾರವಾಗಿತ್ತು.

ವಾಚರ್ ದಾವಲಸಾಬ ಕೋಲೂರಿಕೊಂಡು ಬಂದ.
"ಒಬ್ರ ಬಂದೀರೇನ್ರಿ ಅಕ್ಕಾರ?"
ಒಬ್ಬಳೇ. ಹಳೇ ಪೇಪರಿನ ಕಟ್ಟು, ಎರಡು ಹಲಗೆ, ಒಂದು ಬೆಲ್ಟು.
ಗಿಡಗಳನ್ನು ಒತ್ತಿ ಒಣಗಿಸುವುದು ನನ್ನ ಕೆಲಸ.
ಕಪ್ಪತಗುಡ್ಡದಲ್ಲಿ ಅರ್ಧ ಕೆಲಸ
ಬಿಸಿಲೇ ಮುಗಿಸಿಟ್ಟಿರುತ್ತದೆ.

ತಂಗಡಿ ಹಳದಿ. ಬಂದರಿಕೆ ಅಂಟು.
ಕಾರಿಮುಳ್ಳು ನನ್ನ ವೇಲು ಹಿಡಿದು ಏನೋ ಕೇಳಿತು,
ಬಿಡಿಸಿಕೊಳ್ಳುವಾಗ ಬೆರಳನ್ನೂ ಕೇಳಿತು.
ಬಾದಿಹುಲ್ಲು ತುಳಿದರೆ ವಾಸನೆ
ಮೊಣಕಾಲಿನ ತನಕ ಏರಿ ಅಲ್ಲೇ ನಿಲ್ಲುತ್ತದೆ.
"ಬಲಿತಿದ್ದನ್ನ ದನಾ ತಿನ್ನೂದಿಲ್ರಿ, ಬೆಂಕಿ ತಿಂತೈತಿ."
ತೋಳದ ಹಿಕ್ಕೆಯಲ್ಲಿ ಮೊಲದ ಕೂದಲು, ಕವಳಿಯ ಬೀಜ.
ಮುಳ್ಳುಹಂದಿ ಬಿಟ್ಟುಹೋದ ಒಂದು ಮುಳ್ಳನ್ನು
ದಾವಲಸಾಬ ಕಿವಿಗೆ ಸಿಕ್ಕಿಸಿಕೊಂಡ,
ಲೆಕ್ಕ ಬರೆಯುವವರ ಹಾಗೆ.

ನಾನು ಲ್ಯಾಟಿನ್ನಿನಲ್ಲಿ ಬರೆದುಕೊಂಡೆ.
ಅವನು ಒಂದೊಂದಕ್ಕೂ ಒಂದು ಬೇನೆ ಹೇಳಿದ:
ಇದು ಮುರಿದ ಎಲುಬಿಗೆ, ಇದು ಸಕ್ಕರೆಗೆ,
ಇದು ಬಾಣಂತಿಗೆ ಹಾಲು ಬಾರದಾಗ.
"ಇದು ಯಾತಕ್ಕೂ ಇಲ್ಲ. ಸುಮ್ನ ಐತಿ."

ಆ ಸುಮ್ನ ಇದ್ದದ್ದರ ಮುಂದೆಯೇ ಇಬ್ಬರೂ ಬಹಳ ಹೊತ್ತು ಕೂತೆವು.
ಎಲೆಯಿಲ್ಲ. ನಾಕು ಮೂಲೆಯ ಹಸಿರು ಕಡ್ಡಿ,
ತುದಿಗೆ ಕಂದುಗೆಂಪು ಹೂವು,
ಹೂವಿನಲ್ಲಿ ಒಂದು ನೊಣ, ತನ್ನ ಮನೆಯಲ್ಲಿದ್ದ ಹಾಗೆ.
ಒಂದೇ ಒಂದು ಕಡ್ಡಿ ಮುರಿದುಕೊಂಡೆ.

ಆಮೇಲೆ ಆ ಕಲ್ಲುಗಳು.
ಒಂದರ ಮೇಲೊಂದು, ಗುಂಡಗೆ, ಉಬ್ಬಿ,
ಲಗ್ನದ ಮನೆಯ ಮೂಲೆಯಲ್ಲಿ ಒಟ್ಟಿದ ತಲೆದಿಂಬು.
ಇಲ್ಲಿ ಬೆಂಕಿ ಹರಿದಿತ್ತು, ಸಮುದ್ರದ ತಳದಲ್ಲಿ, ಎಂದೆ.
ನೀರು ತಾಗಿದ್ದೇ ಮೈ ಬಿಗಿದು ಹೀಗೆ ದಿಂಬಾಯಿತು.
"ಯಾವಾಗರೀ?"
ಮಣ್ಣಿನಲ್ಲಿ ಸೊನ್ನೆ ಬರೆಯುತ್ತ ಹೋದೆ.
ಅವನು ಎಣಿಸಲಿಲ್ಲ.
ಬಾಗಿ, ಕಲ್ಲನ್ನು ಒಮ್ಮೆ ನೆಕ್ಕಿದ.

"ಉಪ್ಪಿಲ್ಲ."
ನಂಬಿಕೆ ಸಾಲದೆ
ಇನ್ನೊಂದು ಕಲ್ಲನ್ನೂ.

ಟಿಟ್ಟಿಭ ಎದ್ದದ್ದು ಆಗಲೇ.
ನೆತ್ತಿಯ ಮೇಲೆ ಒಂದೇ ಸಮ ಬೈಗುಳ.
"ಕಾಲ ಎತ್ತಬ್ಯಾಡ್ರಿ," ಕೋಲು ಅಡ್ಡ ಹಿಡಿದ.
ನನ್ನ ಬೂಟಿಗೆ ಗೇಣು ದೂರ ನಾಕು ಕಲ್ಲು.
ನಾಕೂ ಕಲ್ಲಲ್ಲ.
ಗೂಡು ಅನ್ನುವುದಿಲ್ಲ, ಹರಳು ಸರಿಸಿದ ಒಂದಿಷ್ಟು ಜಾಗ.
ಬಂದ ಹೆಜ್ಜೆಯೊಳಗೇ ಹಿಂದೆ ಹಿಂದೆ ಹೆಜ್ಜೆಯಿಟ್ಟೆವು,
ನಾನು ಅವನ ಭುಜ ಹಿಡಿದು,
ಅವನು ಬಿಸ್ಮಿಲ್ಲಾ ಅನ್ನುತ್ತ.

ಬಂದರಿಕೆಯ ಮರೆಯಿಂದ ನೋಡಿದೆವು.
ಹಕ್ಕಿ ಎಲ್ಲಿಗೋ ಹೋಯಿತು. ಗುಡ್ಡದ ನೆತ್ತಿಯಲ್ಲಿ
ಗಾಳಿಯ ರೆಕ್ಕೆಗಳು ತಿರುಗುತ್ತಲೇ ಇದ್ದವು.
ತಿರುಗಿ ಬಂದಾಗ ಅದರ ಹೊಟ್ಟೆಯ ಪುಕ್ಕ ತೊಯ್ದಿತ್ತು.
ಕಾದ ಮೊಟ್ಟೆಗಳ ಮೇಲೆ ಆ ಒದ್ದೆಯನ್ನು ಇಳಿಸಿ ಕೂತಿತು.
"ಎಲ್ಲಿ ಸಿಕ್ಕಿತೋ ಇದಕ್ಕ ನೀರು,"
ಹನ್ನೆರಡು ವರ್ಷ ಗುಡ್ಡ ಕಾದವನು ಕೇಳಿದ,
ನನ್ನನ್ನಲ್ಲ.

ರಾತ್ರಿ ಗದಗಿನ ಬಸ್ಸಿನಲ್ಲಿ ಬೆಲ್ಟು ಸಡಿಲಿಸಿದೆ.
ತಂಗಡಿ ಆಗಲೇ ಕಾಗದ. ಹುಲ್ಲು ಮೊದಲೇ ಕಾಗದ.
ಸುಮ್ನ ಇದ್ದದ್ದು ಮಾತ್ರ, ಅಷ್ಟು ಒತ್ತಿದರೂ, ಹಸಿ.
ಹಳೇ ಸುದ್ದಿಯ ನಾಕು ಪುಟ ದಾಟಿ
ಹಬ್ಬಿತ್ತು ಅದರ ನೀರು,
ಅಂಚು ಹರಕು ಹರಕಾಗಿ, ಒಂದು ದಂಡೆ.